ವೃಷಭೇಂದ್ರಪ್ಪನವರ ಬೆರಳು

ವೃಷಭೇಂದ್ರಪ್ಪನವರು ಮನುಷ್ಯರ ಮುಖ ನೋಡುವುದಕ್ಕೆ ಮೊದಲು ನಾಯಿಯ ಹೊಟ್ಟೆ ಮುಟ್ಟುತ್ತಿದ್ದರು. ಕುವೆಂಪುನಗರದ ರಸ್ತೆಯಲ್ಲಿ ಬೆಳಗಿನ ಹೊತ್ತು ಯಾರಾದರೂ ಹೆಣ್ಣುನಾಯಿಯನ್ನು ಹಿಡಿದುಕೊಂಡು ವಾಕಿಂಗ್ ಹೊರಟಿದ್ದರೆ ಇವರ ಹಳೆಯ ಸ್ಕೂಟರು ಎದುರಿನಿಂದ ಬಂದು ಗಕ್ಕನೆ ನಿಲ್ಲುತ್ತಿತ್ತು. ಸ್ಟ್ಯಾಂಡು ಕೂತಿತೋ ಇಲ್ಲವೋ ಎಂಬ ಪರಿವೆಯಿಲ್ಲದೆ ಇಳಿದು, ನಡುಬೀದಿಯಲ್ಲೇ ಕುಕ್ಕರುಗಾಲಲ್ಲಿ ಕೂತು, ನಾಯಿಗೆ ಅಂಗೈಯನ್ನು ಮೂಸಲು ಕೊಟ್ಟು, ಅದು ಒಪ್ಪಿತು ಎಂದು ತಿಳಿದ ಮರುಕ್ಷಣ ಬಲಗೈಯನ್ನು ಅದರ ಎದೆಯ ಕೆಳಗಿನಿಂದ ತೊಡೆಸಂದಿಯವರೆಗೆ ನಿಧಾನವಾಗಿ ಸರಿಸುತ್ತಿದ್ದರು. ಆಗ ಅವರ ಕಣ್ಣು ಮುಚ್ಚಿರುತ್ತಿತ್ತು. ಐದು ಜೊತೆ ಮೊಲೆ, ಒಂದೊಂದರ ಬುಡಕ್ಕೂ ಮೂರು ಬೆರಳು, ಒಂದೊಂದು ಸುತ್ತು. ನಾಯಿಯ ಯಜಮಾನರು ಕಕ್ಕಾಬಿಕ್ಕಿಯಾಗಿ, "ಯಾರ್ರೀ ನೀವು? ಏನ್ ಮಾಡ್ತಿದ್ದೀರಿ?" ಎಂದರೆ, "ಅದಿರ್ಲಿ, ಇದಕ್ಕೆ ವಯಸ್ಸೆಷ್ಟು? ಮೊದಲನೇ ಬೆದೆ ಆಯ್ತಾ, ಇನ್ನೂ ಇಲ್ವಾ?" ಎಂದು ಮರುಪ್ರಶ್ನೆ. ಮರ್ಯಾದಸ್ಥ ಗೃಹಿಣಿಯರು ಈ ಪ್ರಶ್ನೆಗೆ ಹೆದರಿ ರಸ್ತೆ ಬದಲಾಯಿಸಿದ್ದನ್ನು ನಾನೇ ಕಂಡಿದ್ದೇನೆ.

ಸರ್ಕಾರಿ ಪಶುವೈದ್ಯರಾಗಿ ಮೂವತ್ತು ವರ್ಷ ಹಳ್ಳಿಹಳ್ಳಿಯ ಎತ್ತು ಎಮ್ಮೆಗಳ ನಡುವೆ ಸವೆದು, ತೊಂಬತ್ತನಾಲ್ಕರಲ್ಲಿ ನಿವೃತ್ತರಾದವರು ಅವರು. ಆಮೇಲೆ ಕುವೆಂಪುನಗರದ ತಮ್ಮ ಮನೆಯ ಕಾರ್ ಶೆಡ್ಡಿನಲ್ಲಿ, ಅಲ್ಲಿ ಎಂದೂ ಕಾರು ನಿಂತದ್ದಿಲ್ಲ, ನಾಯಿಗಳ ಆಸ್ಪತ್ರೆ ತೆರೆದರು. ಬಿಳಿ ಕೋಟು ಹಾಕುತ್ತಿರಲಿಲ್ಲ. ಗೋಡೌನಿನ ಗುಮಾಸ್ತರು ತೊಡುವಂಥ ಕಂದು ಬಣ್ಣದ ಕೋಟು. ಮೊಣಕೈಯಲ್ಲಿ ತೇಪೆ, ಎಡಜೇಬಿನಲ್ಲಿ ರಸ್ಕಿನ ಚೂರು, ಬಲಜೇಬಿನಲ್ಲಿ ಹತ್ತಿ. "ಬಿಳಿ ಕೋಟು ಕಂಡ್ರೆ ನಾಯಿಗೆ ಸೂಜಿ ನೆನಪಾಗುತ್ತೆ ಕಣ್ರೀ" ಎನ್ನುತ್ತಿದ್ದರು. ನಡಿಗೆಯೋ, ಕಣ್ಣೆದುರೇ ಬಸ್ಸು ತಪ್ಪಿಸಿಕೊಂಡವರ ನಡಿಗೆ. ಮುಂದಕ್ಕೆ ಬಾಗಿದ ಮೈ, ಹಿಂದೆ ಪಟಪಟ ಹೊಡೆದುಕೊಳ್ಳುವ ಚಪ್ಪಲಿ. ಅವರು ಕುರ್ಚಿಯಲ್ಲಿ ಕೂತದ್ದನ್ನು ಕಂಡವರು ಕಡಿಮೆ. ಕಾಫಿಯನ್ನೂ ನಿಂತೇ ಕುಡಿಯುತ್ತಿದ್ದರು, ಅದೂ ಅರ್ಧ ಲೋಟ. ಮಿಕ್ಕರ್ಧ ಅಷ್ಟರಲ್ಲಿ ಮರೆತುಹೋಗಿರುತ್ತಿತ್ತು.

ನನಗೂ ಅವರಿಗೂ ಗಂಟು ಬಿದ್ದದ್ದು ಜಗಳದಿಂದ. ಕುಂಬಾರಕೊಪ್ಪಲಿನಲ್ಲಿ ನನ್ನದೊಂದು ವೆಲ್ಡಿಂಗ್ ಶಾಪು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕಬ್ಬಿಣ ಹಿಡಿದವನು ನಾನು. ಗೇಟು, ಗ್ರಿಲ್ಲು, ಕಿಟಕಿ ಸರಳು ನನ್ನ ಅಕ್ಷರ. ತೊಂಬತ್ತಾರರಲ್ಲಿ ಈ ಮನುಷ್ಯರು ಬಂದು, ನಾಯಿಯನ್ನು ಅಂಗಾತ ಮಲಗಿಸಿ ಆಪರೇಷನ್ ಮಾಡಲು ಒಂದು ಟೇಬಲ್ಲು ಬೇಕು, ನಡುವೆ ದೋಣಿಯ ಹಾಗೆ ತಗ್ಗಿರಬೇಕು, ಮೂಲೆ ಎಲ್ಲೂ ಇರಕೂಡದು ಎಂದು ಒಂದು ಚೀಟಿಯಲ್ಲಿ ಗೀಚಿಕೊಟ್ಟರು. ಮಾಡಿದೆ. ಬಂದರು, ಅಂಗಿಯ ತೋಳು ಮೇಲಕ್ಕೆ ಸರಿಸಿ ಮುಂಗೈಯನ್ನು ಅಂಚಿನುದ್ದಕ್ಕೂ ಸರ್ರನೆ ಎಳೆದರು. ಸಣ್ಣ ಗೆರೆಯಾಗಿ ರಕ್ತ ಜಿನುಗಿತು.

"ನೋಡಿ" ಎಂದರು.

"ಅಲ್ಲಾ ಸ್ವಾಮಿ, ಕೈಯನ್ನ ಯಾರಾದ್ರೂ ಹಂಗೆ ಉಜ್ತಾರಾ?"

"ನಾನು ಉಜ್ಜಲ್ಲ. ನಾಯಿ ಉಜ್ಜುತ್ತೆ. ಮತ್ತಿನ ಔಷಧಿ ಇಳಿಯುವಾಗ ಹೊರಳಾಡುತ್ತೆ."

ಮೂರು ಸಲ ವಾಪಸು ಕಳಿಸಿದರು. ಮೂರನೇ ಸಲ ನಾನು ಸುತ್ತಿಗೆಯನ್ನು ನೆಲಕ್ಕೆಸೆದು, "ಬೇರೆ ಕಡೆ ಮಾಡುಸ್ಕೊಳ್ಳಿ ಹೋಗ್ರಿ" ಎಂದು ಕೂಗಿಬಿಟ್ಟೆ. ಅವರು ಸುತ್ತಿಗೆಯನ್ನು ಎತ್ತಿ ಬೆಂಚಿನ ಮೇಲಿಟ್ಟು, ಪಕ್ಕದಲ್ಲಿದ್ದ ವರ್ನಿಯರ್ ಕ್ಯಾಲಿಪರನ್ನು, ದಪ್ಪ ಅಳೆಯುವ ನಮ್ಮ ಉಕ್ಕಿನ ಕೊಕ್ಕನ್ನು, ಕೈಗೆ ತೆಗೆದುಕೊಂಡು ಹಿಂದೆ ಮುಂದೆ ಜರುಗಿಸಿ, "ಅದಿರ್ಲಿ, ಇದು ಎಷ್ಟು ಸಣ್ಣದನ್ನ ಅಳೆಯುತ್ತೆ?" ಎಂದು ಕೇಳಿದರು. ಕೋಪ ಬಂದವನ ಎದುರಿಗೆ ಕೋಪಕ್ಕೆ ಸಂಬಂಧವೇ ಇಲ್ಲದ ಪ್ರಶ್ನೆ ಕೇಳಿದರೆ ಏನು ಮಾಡುವುದು? ಓದುವ ಕ್ರಮ ಹೇಳಿಕೊಟ್ಟೆ. ಮರುದಿನವೇ ಒಂದು ಕೊಂಡರು. ಅಂದಿನಿಂದ ನಾಯಿಯ ಮೊಲೆಯ ಗಡ್ಡೆಗಳನ್ನು ಫಿಟ್ಟರ್ ಕೆಲಸದವನ ಹಾಗೆ ಮಿಲಿಮೀಟರಿನಲ್ಲಿ ಅಳೆದು ನೋಟುಪುಸ್ತಕದಲ್ಲಿ ಬರೆದಿಡುವ ಡಾಕ್ಟರು ಮೈಸೂರಿನಲ್ಲಿ ಇವರೊಬ್ಬರೇ ಇದ್ದರೆಂದು ನನ್ನ ಎಣಿಕೆ.

ಗಡ್ಡೆಯ ವಿಷಯ ಬಂದರೆ ಅವರ ಮಾತಿಗೆ ತಡೆಯಿರಲಿಲ್ಲ. ಯಾರು ಕೇಳಲಿ ಬಿಡಲಿ ಹೇಳುವರು: ನೂರು ನಾಯಿಗೆ ಮೊಲೆಯಲ್ಲಿ ಗಡ್ಡೆ ಬಂದರೆ ಹೆಚ್ಚುಕಡಿಮೆ ಅರ್ಧ ಸಾಧು; ಮಿಕ್ಕರ್ಧ ಕೆಟ್ಟವು; ಆ ಕೆಟ್ಟವುಗಳಲ್ಲೂ ಕೆಲವು ಹುಟ್ಟಿದಲ್ಲೇ ಇದ್ದು ಕಾಟ ಕೊಡುತ್ತವೆ, ಕೆಲವು ಮೊದಲು ತೊಡೆಸಂದಿಗೋ ಕಂಕುಳಿಗೋ ಹೋಗಿ, ಅಲ್ಲಿಂದ ಶ್ವಾಸಕೋಶಕ್ಕೆ ಏರುತ್ತವೆ. ಹಾಲಿನ ಗ್ರಂಥಿಯಿಂದ ಹುಟ್ಟಿದ್ದು ಒಂದು ಬಗೆ, ಮಾಂಸದ ಎಳೆಯಿಂದ ಹುಟ್ಟಿದ್ದು ಇನ್ನೊಂದು, ಎರಡೂ ಬೆರೆತು ನಡುವೆ ಮೂಳೆಯ ಚೂರು ಬೆಳೆಸಿಕೊಂಡದ್ದು ಮತ್ತೊಂದು. ಒಂದೇ ನಾಯಿಯ ಮೈಯಲ್ಲಿ ಮೂರು ಗಡ್ಡೆಯಿದ್ದರೆ ಮೂರೂ ಬೇರೆ ಬೇರೆ ಜಾತಿಯವಾಗಿರಬಹುದು. "ದೊಡ್ಡದಕ್ಕೆ ಹೆದರ್ಬೇಕು, ನಿಜ. ಆದ್ರೆ ಸಣ್ಣದನ್ನ ನಂಬಬಾರದು ಕಣ್ರೀ." ಮೊದಲ ಬೆದೆಗೆ ಮುಂಚೆ ಗರ್ಭಕೋಶ ತೆಗೆಸಿಬಿಟ್ಟರೆ ಈ ರಾಮಾಯಣವೇ ಇರುವುದಿಲ್ಲ ಎಂಬುದು ಅವರ ಮಂತ್ರ. ಅದಕ್ಕೇ ಬೀದಿಯ ಆ ಪ್ರಶ್ನೆ. ನಮ್ಮ ಜನರ ನಂಬಿಕೆ ಇದಕ್ಕೆ ತದ್ವಿರುದ್ಧ: ಒಂದು ಸಲವಾದರೂ ಮರಿ ಹಾಕಲಿ, ಹಾಲು ಇಳಿದರೆ ಯಾವ ಗಂಟೂ ಕಟ್ಟುವುದಿಲ್ಲ. ಹಾಗೆಂದವರನ್ನು ಕಂಡರೆ ವೃಷಭೇಂದ್ರಪ್ಪನವರಿಗೆ ಮೈಯೆಲ್ಲ ಉರಿ.

ಕೊಯ್ದ ಗಡ್ಡೆಯನ್ನು ಅವರು ಎಸೆಯುತ್ತಿರಲಿಲ್ಲ. ಒಂದೊಂದು ಗಡ್ಡೆಗೂ ಒಂದೊಂದು ಬಾಟಲಿ. ಮೇಲೆ ಚೀಟಿ: ಎಡ ಮೂರು, ಬಲ ಐದು. ಬೀದಿಯ ಮನೆಗಳೆಲ್ಲ ಖಾಲಿ ಜಾಮ್ ಬಾಟಲಿ, ಉಪ್ಪಿನಕಾಯಿ ಬಾಟಲಿಗಳನ್ನು ಇವರಿಗೆಂದೇ ಎತ್ತಿಡುತ್ತಿದ್ದವು. ಬೆಂಗಳೂರಿನ ಒಂದು ಲ್ಯಾಬಿಗೆ ಅವು ಪಾರ್ಸೆಲ್ಲಾಗಿ ಹೋಗುತ್ತಿದ್ದವು. ಈ ಹಟದ ಹಿಂದೆ ಒಂದು ಕಥೆಯಿತ್ತು, ಅದನ್ನು ಅವರೇ ಬಂದವರಿಗೆಲ್ಲ ಹೇಳುತ್ತಿದ್ದರು. ಮೊದಮೊದಲು ಒಬ್ಬ ಮೇಷ್ಟರ ನಾಯಿಗೆ ಮೂರು ಗಡ್ಡೆ ಕೊಯ್ದಾಗ, ಅವರ ಕಾಂಪೌಂಡರ್ ಪುಟ್ಟಮಾದಯ್ಯ ಮೂರನ್ನೂ ಒಂದೇ ಬಾಟಲಿಗೆ ಹಾಕಿ ಕಳಿಸಿದ. ಒಂದು ಕೆಟ್ಟದ್ದು, ಎರಡು ಸಾಧು ಎಂದು ಉತ್ತರ ಬಂತು. ಯಾವುದು ಕೆಟ್ಟದ್ದು, ಎಡದ್ದೋ ಬಲದ್ದೋ? ಯಾವ ಕಡೆ ಇನ್ನಷ್ಟು ಕೊಯ್ಯಬೇಕು? ಗೊತ್ತಾಗಲಿಲ್ಲ. ಐದು ತಿಂಗಳಿಗೆ ನಾಯಿ ಉಸಿರುಕಟ್ಟಿ ಸತ್ತಿತು.

"ಒಂದೇ ನಾಯಿದಲ್ವಾ ಸಾಮಿ, ಅದ್ಕೇ ಒಂದ್ರಾಗೇ ಆಕ್ದೆ" ಎಂದು ಪುಟ್ಟಮಾದಯ್ಯ ಇವತ್ತಿಗೂ ತಲೆ ಕೆರೆದುಕೊಳ್ಳುತ್ತಾನೆ.

"ಅವನು ಹಾಕಿದ. ನೋಡ್ದೆ ಕಳಿಸಿದವನು ನಾನು" ಎಂದು ವೃಷಭೇಂದ್ರಪ್ಪನವರು ಪ್ರತಿ ಸಲ ಸೇರಿಸುತ್ತಿದ್ದರು. ತನ್ನ ಕೈಯಿಂದ ಆದ ಸಾವನ್ನು ಗಿರಾಕಿಗಳ ಮುಂದೆ ತಾನೇ ಹೇಳಿಕೊಳ್ಳುವ ಡಾಕ್ಟರನ್ನು ನಾನು ಬೇರೆ ಕಂಡಿಲ್ಲ. ವ್ಯಾಪಾರ ಗೊತ್ತಿಲ್ಲದ ಮನುಷ್ಯ ಎಂದು ಆಗ ಒಳಗೊಳಗೇ ನಕ್ಕಿದ್ದೆ.

ಅವರ ಮನೆಯವರು ದಾಕ್ಷಾಯಣಮ್ಮನವರದು ಇನ್ನೊಂದು ದೂರು. ದಟ್ಟಗಳ್ಳಿಯ ಕಲ್ಯಾಣಮಂಟಪವೊಂದರಲ್ಲಿ ಸ್ವಂತ ಅಣ್ಣನ ಮಗಳ ಮದುವೆಯ ಧಾರೆಯ ಹೊತ್ತಿಗೆ ಯಜಮಾನರು ಮಾಯ. ಹುಡುಕಿದರೆ ಅಡುಗೆಮನೆಯ ಹಿಂದೆ, ಎಂಜಲೆಲೆಯ ರಾಶಿಯ ಪಕ್ಕ, ರೇಷ್ಮೆ ಪಂಚೆಯಲ್ಲಿ ಕೂತು ಒಂದು ಬೀದಿನಾಯಿಯ ಹೊಟ್ಟೆ ಒತ್ತುತ್ತಿದ್ದರಂತೆ. "ನನ್ನನ್ನ ನೋಡೋಕೆ ಬಂದಾಗ್ಲೂ ಇವರು ಮೊದಲು ನೋಡಿದ್ದು ನಮ್ಮನೆ ಹಸೂನೇ ಕಣಮ್ಮ" ಎಂದು ಆಕೆ ನನ್ನ ಹೆಂಡತಿ ಶಾರದಳಿಗೆ ಹೇಳಿ ನಗುತ್ತಿದ್ದರು.

ಇನ್ನು ನನ್ನ ನಾಯಿಯ ಮಾತು. ಚೆಲುವಿ ನಮ್ಮ ಶಾಪಿನ ಕಾವಲಿಗೆ ಬಂದ ನಾಟಿ ನಾಯಿ. ಕಬ್ಬಿಣದ ಕಿಡಿ ಹಾರುವಾಗ ಕಣ್ಣು ಕಿರಿದು ಮಾಡಿ ಕೂತಿರುತ್ತಿತ್ತು. ನಮಗೆ ಮಕ್ಕಳಿಲ್ಲ. ಅಷ್ಟು ಹೇಳಿದರೆ ಮಿಕ್ಕದ್ದು ಹೇಳಬೇಕಾಗಿಲ್ಲ. ತೊಂಬತ್ತೊಂಬತ್ತರಲ್ಲಿ, ಅದಕ್ಕೆ ಎಂಟು ವರ್ಷವಾಗಿದ್ದಾಗ, ಎಡಗಡೆ ಕೊನೆಯ ಮೊಲೆಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಕಾಣಿಸಿತು. ವೃಷಭೇಂದ್ರಪ್ಪನವರು ಮುಟ್ಟಿ, ಅದರ ಮುಂದಿನ ಮೊಲೆಯ ಬುಡದಲ್ಲಿ ತೊಗರಿಕಾಳಿನಷ್ಟು ಇನ್ನೊಂದನ್ನು ಹುಡುಕಿದರು. ನನ್ನ ಬೆರಳಿಗೆ ಅದು ಸಿಗಲೇ ಇಲ್ಲ. ಎಡಸಾಲನ್ನೇ ತೆಗೆಯಬೇಕು, ಜೊತೆಗೇ ಗರ್ಭಕೋಶವನ್ನೂ ತೆಗೆದುಬಿಡುತ್ತೇನೆ ಎಂದರು.

"ಮೊಲೆ ತೆಗೀರಿ. ಗರ್ಭಕೋಶದ ತಂಟೆಗೆ ಹೋಗ್ಬೇಡಿ. ಹೆಣ್ಣು ಹೆಣ್ಣಾಗೇ ಇರ್ಲಿ" ಎಂದೆ. ಅದೆಂಥ ಹಟವೋ! ಅರ್ಧ ಗಂಟೆ ವಾದವಾಯಿತು. ಕೊನೆಗೆ ಅವರು ನನ್ನ ಮುಖವನ್ನೇ ನೋಡಿ, "ನಾಯಿ ನಿನ್ನದು" ಎಂದು ಕತ್ತಿಗೆ ಕೈ ಹಾಕಿದರು.

ಮೂರು ವಾರದ ಮೇಲೆ ಉತ್ತರ ಬಂತು. ನಿಂಬೆಹಣ್ಣು ಸಾಧು, ಒಳಗೆ ಮೂಳೆಯ ಚೂರು, ಅಷ್ಟೇ. ತೊಗರಿಕಾಳೇ ಕೆಟ್ಟದ್ದು. ಆದರೆ ಸುತ್ತಲಿನ ಅಂಚು ಚೊಕ್ಕ, ಎದೆಯ ಎಕ್ಸರೆಯೂ ಚೊಕ್ಕ. ಅವರು ಆ ಕಾಗದವನ್ನು ಬೀಸುತ್ತ ಶಾಪಿನೊಳಗೆ ಓಡಿಬಂದು, ಸ್ಕೂಟರು ಹೊರಗೆ ಬಿದ್ದ ಸದ್ದಿಗೂ ತಿರುಗಿ ನೋಡಲಿಲ್ಲ. ಆರಾರು ತಿಂಗಳಿಗೆ ತೋರಿಸಲು ಹೇಳಿದರು. ಎರಡು ಸಲ ತೋರಿಸಿದೆ. ಆಮೇಲೆ ಕೆಲಸ, ಅದು ಇದು, ಬಿಟ್ಟೆ.

ಎರಡು ಸಾವಿರದ ಒಂದರ ಚಳಿಗಾಲದಲ್ಲಿ ಚೆಲುವಿ ಬೆದೆಗೆ ಬಂದು ಹೋಗಿ ಎರಡು ತಿಂಗಳಾಗಿತ್ತು. ಬಸಿರಾಗಿರಲಿಲ್ಲ, ಆದರೂ ಗೋಣಿಚೀಲ ಎಳೆದುಕೊಂಡು ಗೂಡು ಮಾಡಿತು, ಮೊಲೆಯಲ್ಲಿ ಹಾಲು ಬಂತು. ಹೆಣ್ಣುನಾಯಿಗಳಿಗೆ ಇದು ಉಂಟು. ಉಳಿದಿದ್ದ ಬಲಸಾಲು ಕೆಂಪಗೆ ಬಾತುಕೊಂಡಿತು, ಮುಟ್ಟಿದರೆ ಕೆಂಡ. ನನ್ನ ಅತ್ತೆ ಬೀರಮ್ಮ ನೋಡಿ, "ಆಲ್ ಕಟ್ಟದೆ ಕಣವ್ವ, ಔಡಲೆಲೆ ಬಿಸಿ ಮಾಡಿ ಕಟ್ಬುಡು, ಇಳೀತದೆ" ಎಂದರು. ಬಾಣಂತಿಯರಿಗೆ ಹಾಲು ಕಟ್ಟಿದಾಗ ನಮ್ಮಲ್ಲಿ ಮಾಡುವುದೇ ಅದು. ಶಾರದ ಹತ್ತು ದಿನ ಎಲೆಗೆ ಹರಳೆಣ್ಣೆ ಸವರಿ, ಬಿಸಿ ಮಾಡಿ ಕಟ್ಟಿದಳು. ನಾನು ಪಕ್ಕದಲ್ಲಿ ಕೂತು ನಾಯಿಯ ತಲೆ ಹಿಡಿದುಕೊಂಡೆ. ಹನ್ನೊಂದನೆಯ ದಿನ ಬಲಗಾಲು ಊದಿತು. ಆಟೋದಲ್ಲಿ ಹಾಕಿಕೊಂಡು ಕುವೆಂಪುನಗರಕ್ಕೆ ಹೋದೆವು.

ವೃಷಭೇಂದ್ರಪ್ಪನವರು ಮುಟ್ಟಿದರು. ಕಣ್ಣು ಮುಚ್ಚಿದರು. ಬೆರಳು ಎಂದಿನಂತೆ ಒಂದು ಸುತ್ತು ಹಾಕಿ ಮುಂದೆ ಹೋಗಲಿಲ್ಲ. ಒಂದೇ ಕಡೆ ನಿಂತಿತು. ವರ್ನಿಯರು ಜೇಬಿನಿಂದ ಹೊರಗೆ ಬರಲೇ ಇಲ್ಲ.

"ಯೋಗೇಂದ್ರ, ಇದಕ್ಕೆ ನಾನು ಕತ್ತಿ ಹಾಕಲ್ಲ" ಎಂದರು.

"ಹಾಕಲ್ಲ ಅಂದ್ರೆ?"

"ಹಾಕೋ ಹಾಗಿಲ್ಲ. ಹಾಕಿದ್ರೆ ಹೊಲಿಗೆ ಕೂಡಲ್ಲ, ಗಾಯ ಮಾಯಲ್ಲ. ಇರೋ ನಾಲ್ಕು ದಿನಾನೂ ನರಳುತ್ತೆ."

ನನ್ನ ಬಾಯಿಗೆ ಏನು ಬಂತೋ ಅದನ್ನೆಲ್ಲ ಆಡಿದೆ. ಅಲ್ಲಿ ನಾಲ್ಕು ಜನ ನಾಯಿ ಹಿಡಿದು ಕಾಯುತ್ತಿದ್ದರು. "ಬೀದೀಲ್ ಹೋಗೋ ನಾಯೀನೆಲ್ಲ ಹಿಡ್ದು ಕುಯ್ತೀರಿ, ನನ್ ನಾಯಿಗೆ ಮಾತ್ರ ಆಗಲ್ವಾ? ವಯಸ್ಸಾಯ್ತಾ? ಕೈ ನಡುಗ್ತದಾ? ಹಂಗಾರೆ ಬೋರ್ಡ್ ಬಿಚ್ಚಾಕ್ರಿ!"

"ಸುಮ್ನಿರ್ರೀ, ಎಲ್ರೂ ನೋಡ್ತಾವ್ರೆ" ಎಂದು ಶಾರದ ತೋಳು ಜಗ್ಗಿದಳು. ಅವರು ಮಾತ್ರ "ಅದಿರ್ಲಿ" ಎನ್ನಲಿಲ್ಲ. ನೋವು ತಗ್ಗಿಸುವ ಒಂದು ಇಂಜೆಕ್ಷನ್ ಚುಚ್ಚಿದರು.

ನನಗೆ ರೊಚ್ಚು. ಹಸುಗಳ ಕುರು ಕೊಯ್ಯುವ ಮರಿಯಯ್ಯ ಎಂಬುವನಿಗೆ ಹೇಳಿಕಳಿಸಿದೆ. ನಾಳೆ ಬೆಳಗ್ಗೆ ಬಂದು ಕೊಯ್ದುಕೊಡುತ್ತೇನೆ ಎಂದ. ಪುಟ್ಟಮಾದಯ್ಯನ ಮನೆ ನಮ್ಮ ಕುಂಬಾರಕೊಪ್ಪಲಿನಲ್ಲೇ, ಸುದ್ದಿ ಹೋಗಿರಬೇಕು. ಬೆಳಗ್ಗೆ ನಾನು ಶಾಪಿನ ಬಾಗಿಲು ಎತ್ತುವಾಗಲೇ ಸ್ಕೂಟರು ಬಂದು ನಿಂತಿತು. ಮರಿಯಯ್ಯ ಇನ್ನೂ ಬಂದಿರಲಿಲ್ಲ.

"ಯಾಕ್ ಬಂದ್ರಿ?" ಎಂದೆ.

"ಕೊಯ್ಯೋಕೆ" ಎಂದರು. ಕೈಯಲ್ಲಿ ಅವರ ಚೀಲವಿತ್ತು. ನೆಲದ ಮೇಲೆ ಚೆಲುವಿಯ ಪಕ್ಕ ಕೂತರು. "ನೀನು ಕಬ್ಬಿಣ ಕತ್ತರಿಸೋಕೆ ಮುಂಚೆ ಗೆರೆ ಹಾಕ್ತೀಯಲ್ಲ, ಆ ಸೀಮೆಸುಣ್ಣ ತಗೊಂಬಾ. ಗಡ್ಡೆ ಎಲ್ಲಿ ಮುಗಿಯುತ್ತೆ, ನೀನೇ ಬೆರಳಲ್ಲಿ ನೋಡು. ಅಂಚು ಸಿಕ್ಕಿದ ಕಡೆ ಗೆರೆ ಎಳಿ. ಆ ಗೆರೆ ಮೇಲೆ ನಾನು ಕೊಯ್ತೀನಿ. ಮಾತು ಕೊಡ್ತೀನಿ."

ಸೀಮೆಸುಣ್ಣ ಹಿಡಿದು ಕೂತೆ. ಅವರು ನನ್ನ ಮೂರು ಬೆರಳನ್ನು ಹಿಡಿದು ಕೊನೆಯ ಮೊಲೆಯ ಬುಡದಲ್ಲಿಟ್ಟು ಕೈ ತೆಗೆದರು. ಕಾದ ಹಲಗೆಯ ಹಾಗೆ ಗಟ್ಟಿ. ಹಿಂದಕ್ಕೆ ಸರಿಸಿದೆ, ಗಟ್ಟಿ. ತೊಡೆಯ ಒಳಮೈಗೆ ಇಳಿದೆ, ಅಲ್ಲೂ ಅದೇ. ಮುಂದಕ್ಕೆ, ಮೂರನೇ ಮೊಲೆ, ಎರಡನೇ ಮೊಲೆ, ಚರ್ಮವೇ ಅದಾಗಿತ್ತು. ಮಧ್ಯದ ಹಳೆಯ ಹೊಲಿಗೆಯ ಗೆರೆ ದಾಟಿ ಎಡಕ್ಕೆ ಹೋದೆ. ಇಪ್ಪತ್ತು ವರ್ಷ ಕಬ್ಬಿಣ ಮುಟ್ಟಿದ ಬೆರಳಿದು, ಕೂದಲೆಳೆಯಷ್ಟು ಏರುತಗ್ಗಿದ್ದರೂ ಹೇಳುವ ಬೆರಳು. ಮುಗಿಯುವ ಜಾಗ ಸಿಗಲಿಲ್ಲ. ಚೆಲುವಿ ನನ್ನ ಮಣಿಕಟ್ಟನ್ನು ನೆಕ್ಕಿತು. ಸೀಮೆಸುಣ್ಣ ಕೈಯಲ್ಲೇ ಪುಡಿಯಾಯಿತು.

"ಉಳಿದವಕ್ಕೆ ಗೋಡೆ ಇರುತ್ತೆ ಯೋಗೇಂದ್ರ. ಇದಕ್ಕೆ ಗೋಡೆ ಇಲ್ಲ" ಎಂದರು. ಆ ಹೊತ್ತಿಗೆ ಬಂದ ಮರಿಯಯ್ಯ ಬಾಗಿಲಿಂದಲೇ ನೋಡಿ ಹೊರಟುಹೋದ.

ಔಡಲೆಲೆಯ ವಿಷಯ ಹೇಳಿದೆ. ಗರ್ಭಕೋಶದ ವಿಷಯ ಅವರಾಗಿ ಎತ್ತಲಿ, ಒಂದು ಮಾತಾದರೂ ಚುಚ್ಚಲಿ ಎಂದು ಕಾದೆ. ಎತ್ತಲಿಲ್ಲ. "ಎಲೆಯಿಂದ ಬಂದದ್ದಲ್ಲ ಇದು. ಶಾರದಮ್ಮನಿಗೆ ಹೇಳು" ಎಂದಷ್ಟೇ ಅಂದರು. ಒಂಬತ್ತು ದಿನ ದಿನಾ ಬಂದು ಇಂಜೆಕ್ಷನ್ ಕೊಟ್ಟರು. ಹತ್ತನೆಯ ದಿನ ಚೆಲುವಿ ಈರುಳ್ಳಿ ಹಾಕದೆ ಬೇಯಿಸಿದ ಈಲಿಯನ್ನೂ, ಅದೇ ಕುರಿಯ ಲಿವರನ್ನೂ, ಮೂಸಲಿಲ್ಲ. ಅವರು ನನ್ನ ಕಡೆ ನೋಡಿದರು, ನಾನು ತಲೆಯಾಡಿಸಿದೆ. ಕೊನೆಯ ಇಂಜೆಕ್ಷನ್ ಶಾರದಳ ತೊಡೆಯ ಮೇಲೆಯೇ ಆಯಿತು.

ಆಮೇಲೆ ಅವರು ಕೇಳಿದ ಮಾತಿಗೆ ನಾನು ಅವರ ಕೊರಳಪಟ್ಟಿ ಹಿಡಿಯುವುದೊಂದು ಬಾಕಿ. "ಒಂದು ಚೂರು ಬೇಕು, ಲ್ಯಾಬಿಗೆ" ಎಂದರು.

"ಸತ್ತ್ ಮೇಲೂ ಬಿಡಲ್ವೇನ್ರೀ?"

"ನನ್ನ ಬೆರಳು ಹೇಳಿದ್ದು ಸುಳ್ಳಾಗಿರಬಹುದು. ಬರೀ ಕೀವು ಕಟ್ಟಿದ ಬಾವೂ ಹೀಗೇ ಇರುತ್ತೆ, ಅಪರೂಪಕ್ಕೆ. ಹಾಗಿದ್ದಿದ್ರೆ ಔಷಧಿಗೆ ಬದುಕುತ್ತಿತ್ತು. ತಪ್ಪಿದ್ರೆ ನನಗೆ ಗೊತ್ತಾಗಬೇಕು." ನನ್ನ ಕಡೆ ತಿರುಗಿ, "ನಿನಗೂ" ಎಂದರು.

ಶಾರದಳೇ "ತಗೊಳ್ಳಿ ಡಾಕ್ಟ್ರೇ" ಎಂದಳು.

ಆ ಮೂರು ವಾರ ನಾನು ಮಾಡಿದ ಒಂದು ಗೇಟೂ ನೆಟ್ಟಗೆ ನಿಲ್ಲಲಿಲ್ಲ. ಬಾವೇ ಆಗಿದ್ದರೆ ಆ ಮನುಷ್ಯನನ್ನು ಏನು ಮಾಡಬೇಕೆಂದು ದಿನಕ್ಕೊಂದು ಬಗೆಯಲ್ಲಿ ಲೆಕ್ಕ ಹಾಕಿದೆ. ಅಲ್ಲವಾಗಿದ್ದರೆ ನನ್ನನ್ನು ನಾನು ಏನು ಮಾಡಿಕೊಳ್ಳಬೇಕೆಂಬ ಲೆಕ್ಕ ಮಾತ್ರ ಬಗೆಹರಿಯಲಿಲ್ಲ. ಅವರೂ ಊಟ ಬಿಟ್ಟಿದ್ದಾರೆಂದು ದಾಕ್ಷಾಯಣಮ್ಮ ಶಾರದಳಿಗೆ ಫೋನು ಮಾಡಿದ್ದರಂತೆ. ಇಪ್ಪತ್ತೆರಡನೆಯ ದಿನ ಮಧ್ಯಾಹ್ನ ವೃಷಭೇಂದ್ರಪ್ಪನವರು ಶಾಪಿಗೆ ಬಂದರು. ಓಡಿ ಬರಲಿಲ್ಲ. ಕೈಯಲ್ಲೊಂದು ಕವರು, ಅಂಟು ಬಿಡಿಸಿರಲಿಲ್ಲ.

"ಬೆಳಗ್ಗೆ ಬಂತು. ನೀನೇ ಒಡಿ" ಎಂದರು.

"ನಂಗೆ ಇಂಗ್ಲಿಷ್ ಬರಲ್ಲ."

"ಒಡಿ, ಓದಿ ಹೇಳ್ತೀನಿ. ಒಂದಕ್ಷರ ಬಿಡಲ್ಲ. ನಂಬಿಕೆ ಇಲ್ದಿದ್ರೆ ಆಮೇಲೆ ಬೇರೆಯವರ ಹತ್ರ ಓದಿಸ್ಕೋ."

ಒಡೆದು ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ಮೊದಲೇ ಕಣ್ಣಾಡಿಸಿ ಸಾರಾಂಶ ತಿಳಿದುಕೊಳ್ಳದೆ, ಒಂದೊಂದೇ ಸಾಲನ್ನು ಓದಿ ಕನ್ನಡದಲ್ಲಿ ಹೇಳಿದರು. ಅಲ್ಲಿದ್ದದ್ದು ಅವರ ಬೆರಳು ಹೇಳಿದ್ದೇ: ಚರ್ಮದೊಳಗಿನ ಸಣ್ಣ ಸಣ್ಣ ನಾಳಗಳಲ್ಲೆಲ್ಲ ಕೆಟ್ಟ ಕಣಗಳು ತುಂಬಿಕೊಂಡಿವೆ, ಯಾವ ಕತ್ತಿಗೂ ಸಿಗುವಂಥದ್ದಲ್ಲ. ಓದಿ ಮುಗಿಸಿ ಕಾಗದವನ್ನು ನನ್ನ ಕೈಗಿಟ್ಟರು. ಗೆದ್ದ ಮುಖವನ್ನು ಹುಡುಕಿದೆ, ಕಾಣಲಿಲ್ಲ. ನಾನು ನಾಲ್ಕು ಜನರೆದುರು ಆಡಿದ್ದಕ್ಕೆ ಕ್ಷಮೆ ಕೇಳಬೇಕಿತ್ತು, ಬದಲಿಗೆ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡೆ.

ಇದು ನಡೆದು ಏಳು ವರ್ಷವಾಯಿತು. ಅವರಿಗೆ ಎಪ್ಪತ್ತು ದಾಟಿದೆ, ನನ್ನ ಸಿಟ್ಟಿಗೆ ಮಾತ್ರ ವಯಸ್ಸಾಗಿಲ್ಲ. ಆದರೆ ಒಂದು ಮಾತು ನನಗೆ ಈಗ ಖಚಿತ. ಬಲ್ಲವರು ಈ ಊರಿನಲ್ಲಿ ಬೇಕಾದಷ್ಟಿದ್ದಾರೆ. ತಾವು ಹೇಳಿದ್ದೇ ಸರಿಯೆಂದು ಸಾಧಿಸಲು ಕಾಗದ ಪತ್ರ ಹಿಡಿದು ತಿರುಗುವವರೂ ಇದ್ದಾರೆ. ಇನ್ನೊಂದು ಜಾತಿಯ ಜನ ವಿರಳ. ಅವರು ತಮ್ಮ ತಪ್ಪು ಎಲ್ಲಾದರೂ ಅಡಗಿದೆಯೋ ಎಂದು ಜನ್ಮವಿಡೀ ತಡಕಾಡುತ್ತಾರೆ, ಅದಕ್ಕೇ ಅವರಿಗೆ ಕೂತಲ್ಲಿ ಕೂರಲಾಗುವುದಿಲ್ಲ, ಜೊತೆಗಿರುವವರನ್ನೂ ನೆಮ್ಮದಿಯಾಗಿರಲು ಬಿಡುವುದಿಲ್ಲ. ಇಂಥವರು ಎದುರಾದರೆ ನಮಗೆ ರೇಗುತ್ತದೆ. ನಮ್ಮ ಜೀವದಂಥದ್ದನ್ನು ಇನ್ನೊಬ್ಬರ ಕೈಗೆ ಒಪ್ಪಿಸಬೇಕಾಗಿ ಬಂದಾಗ ಮಾತ್ರ, ಬೈದುಕೊಂಡೇ, ಅವರ ಬಾಗಿಲನ್ನೇ ತಟ್ಟುತ್ತೇವೆ.